ಯಂತ್ರದ ಕಣ್ಣು, ಮನುಷ್ಯರ ಕೊಡುಕೊಳೆ

ಕಂಪ್ಯೂಟರಿಗೆ ನೋಡುವುದನ್ನು ಕಲಿಸುವ ಒಂದು ಶಾಸ್ತ್ರವಿದೆ. ಅದಕ್ಕೆ ಕಂಪ್ಯೂಟರ್ ವಿಷನ್ ಎಂದು ಹೆಸರು. ನಾವು ಗಣಕದೃಷ್ಟಿ ಎಂದು ಕರೆದುಕೊಳ್ಳೋಣ. ಅದಕ್ಕೊಬ್ಬ ಅಣ್ಣನಿದ್ದಾನೆ, ಇಮೇಜ್ ಪ್ರಾಸೆಸಿಂಗ್, ಅಂದರೆ ಚಿತ್ರಸಂಸ್ಕರಣ. ಮಬ್ಬಾದ ಚಿತ್ರವನ್ನು ತಿಳಿ ಮಾಡುವುದು, ಗೆರೆಗಳನ್ನು ಎದ್ದು ಕಾಣಿಸುವುದು ಅಣ್ಣನ ಕೆಲಸ. ಆ ಚಿತ್ರದಲ್ಲಿ ಇರುವುದು ಎಮ್ಮೆಯೋ ಎತ್ತೋ ಆಟೋರಿಕ್ಷಾವೋ ಎಂದು ಹೇಳುವುದು ತಮ್ಮನ ಕೆಲಸ. ಹೈದರಾಬಾದಿನ ಪಡುವಣ ದಿಕ್ಕಿನಲ್ಲಿ, ಕೊಂಡಾಪುರದ ಮಗ್ಗುಲಿಗೇ ಇರುವ ಗಚ್ಚಿಬೌಲಿಯಲ್ಲಿ, ಈ ಅಣ್ಣತಮ್ಮಂದಿರಿಬ್ಬರನ್ನೂ ಸಾಕುತ್ತಿರುವ ಒಂದು ದೊಡ್ಡ ಕೇಂದ್ರವಿದೆ. ೧೯೯೮ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಜನರ ಬಾಯಲ್ಲಿ ‘ಟ್ರಿಪಲ್ ಐಟಿ’, ಅದರ ಮನೆ.

ಸಾಹಿತ್ಯ ಸಂಘದ ಪತ್ರಿಕೆಗೆ ಇದೆಲ್ಲ ಯಾಕಪ್ಪಾ ಎಂದು ಕೇಳುವವರಿದ್ದಾರೆ. ಸ್ವಲ್ಪ ತಾಳ್ಮೆಯಿರಲಿ. ಈ ಶಾಸ್ತ್ರದವರು ತಮ್ಮತಮ್ಮಲ್ಲಿ ಏನನ್ನು ಕೊಟ್ಟು ಏನನ್ನು ಕೊಳ್ಳುತ್ತಾರೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಆ ಕೊಡುಕೊಳೆಯ ಲೆಕ್ಕದಲ್ಲಿ ಕನ್ನಡದ ಅಕ್ಷರಗಳೂ ಇವೆ, ಬೆಂಗಳೂರಿನ ಅಂಗಡಿ ಬೋರ್ಡುಗಳೂ ಇವೆ. ಯಾರ ಚಿತ್ರ ಆ ಲೆಕ್ಕದಲ್ಲಿದೆಯೋ ಅವರ ಲೋಕ ಮಾತ್ರ ಯಂತ್ರಕ್ಕೆ ಕಾಣುತ್ತದೆ. ಹಾಗಾಗಿ ಇದು ನಮ್ಮ ಮನೆಯ ವಿಷಯವೂ ಹೌದು.

ಚುಕ್ಕಿಯ ಲೆಕ್ಕ

ಮೊದಲು ಯಂತ್ರಕ್ಕೆ ಚಿತ್ರ ಎಂದರೇನು ಎಂದು ನೋಡೋಣ. ಚುಕ್ಕಿ ರಂಗೋಲಿ ಹಾಕುವವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಅಂಗಳದಲ್ಲಿ ಸಾಲಾಗಿ ಚುಕ್ಕಿಗಳನ್ನಿಟ್ಟ ಹಾಗೆ ಚಿತ್ರವೂ ಚುಕ್ಕಿಗಳ ಸಾಲು. ಕಪ್ಪು-ಬಿಳುಪು ಚಿತ್ರವಾದರೆ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ: ಕಡುಗಪ್ಪಿಗೆ ೦, ಅಚ್ಚ ಬಿಳುಪಿಗೆ ೨೫೫, ನಡುವಣ ಬೂದು ಛಾಯೆಗಳಿಗೆ ನಡುವಣ ಸಂಖ್ಯೆಗಳು. ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಚುಕ್ಕಿಗೆ ಮೂರು ಸಂಖ್ಯೆ. ಯಂತ್ರದ ಮುಂದಿರುವುದು ಇಷ್ಟೇ. ಅದಕ್ಕೆ ಮರವಿಲ್ಲ, ಮನೆಯಿಲ್ಲ, ಅಮ್ಮನ ಮುಖವಿಲ್ಲ. ಬರೀ ಅಂಕಿಗಳ ಕೋಷ್ಟಕ.

ಈ ಅಂಕಿಗಳಲ್ಲಿ ಒಂದು ವಸ್ತುವಿನ ಅಂಚನ್ನು ಹುಡುಕುವುದು ಹೇಗೆ? ಒಂದು ಸಾಲಿನಲ್ಲಿ ೨೧೦, ೨೦೮, ೨೧೧, ೪೦, ೩೮ ಎಂದಿದೆ ಎನ್ನಿ. ಮೊದಲ ಮೂರು ಹೆಚ್ಚುಕಡಿಮೆ ಒಂದೇ. ಆಮೇಲೆ ೨೧೧ರಿಂದ ೪೦ಕ್ಕೆ ಧುತ್ತನೆ ಇಳಿಯಿತು. ಬಿಳಿ ಗೋಡೆ ಮುಗಿದು ಕಪ್ಪು ಬಾಗಿಲು ಶುರುವಾದ ಜಾಗ ಅದೇ ಇರಬೇಕು. ಅಕ್ಕಪಕ್ಕದ ಚುಕ್ಕಿಗಳ ವ್ಯತ್ಯಾಸವನ್ನು ಕಳೆಯುವ ಲೆಕ್ಕದಿಂದ ಕಂಡುಹಿಡಿಯುವುದು ಚಿತ್ರಸಂಸ್ಕರಣದ ಮೊದಲ ಪಾಠ.

‘ಅಯ್ಯೋ, ಮೂರು ವರ್ಷದ ಮಗು ಒಂದು ನೋಟಕ್ಕೆ ಬಾಗಿಲನ್ನ ಗುರುತು ಹಿಡೀತದಲ್ಲ!’ ಅನ್ನಬಹುದು ನೀವು. ನಿಜವೇ. ಆದರೆ ಆ ಮಗು ಮೂರು ವರ್ಷ ಎಚ್ಚರವಿದ್ದಷ್ಟು ಹೊತ್ತೂ ನೋಡುತ್ತಲೇ ಇತ್ತು. ಪಕ್ಕದಲ್ಲಿ ‘ಇದು ಬಾಗಿಲು ಪುಟ್ಟಾ, ಇದು ಕಿಟಕಿ’ ಎಂದು ಹೇಳುವವರಿದ್ದರು. ಯಂತ್ರಕ್ಕೂ ಕೊನೆಗೆ ಅದೇ ದಾರಿಯಾಯಿತು. ಬಾಗಿಲೆಂದರೆ ಇಂತಿಂಥ ಲಕ್ಷಣದ್ದು ಎಂದು ಸೂತ್ರ ಬರೆದುಕೊಟ್ಟು ಬಹಳ ವರ್ಷ ಪ್ರಯತ್ನಪಟ್ಟರು. ಒಂದು ಮಟ್ಟದಾಚೆ ಅದು ಏಳಲಿಲ್ಲ. ಆಮೇಲೆ ಸಾವಿರಾರು ಚಿತ್ರಗಳನ್ನು, ಪ್ರತಿಯೊಂದಕ್ಕೂ ಹೆಸರುಚೀಟಿ ಅಂಟಿಸಿ ಮುಂದಿಟ್ಟು, ಲಕ್ಷಣವನ್ನು ನೀನೇ ಹುಡುಕಿಕೋ ಎಂದರು. ಹೆಸರುಚೀಟಿ ಹಚ್ಚಿದ ಈ ಚಿತ್ರಭಂಡಾರವೇ ಈ ಶಾಸ್ತ್ರದ ಬಿತ್ತನೆ ಬೀಜ. ಬೀಜವನ್ನು ಒಬ್ಬನೇ ಕೂಡಿಡಲಾರ. ಕೊಡುಕೊಳೆ ಶುರುವಾಗುವುದು ಇಲ್ಲಿಂದ.

ಆಕಾಶದಿಂದ ಬಂದ ಚಿತ್ರಗಳು

ಹೈದರಾಬಾದಿಗೆ ಚಿತ್ರಸಂಸ್ಕರಣ ಇಳಿದದ್ದು ಕಂಪ್ಯೂಟರ್ ಕಂಪನಿಗಳ ಕಾಲಕ್ಕಿಂತ ಬಹಳ ಮುಂಚೆ, ಅದೂ ಆಕಾಶದಿಂದ. ೧೯೭೪ರಲ್ಲಿ ಇಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಹುಟ್ಟಿತು. ೨೦೦೮ರಿಂದ ಅದು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ. ಬಾಲಾನಗರದಲ್ಲಿ ಅದರ ಕಚೇರಿ, ಶಾದನಗರದಲ್ಲಿ ಉಪಗ್ರಹದ ಸಂಕೇತಗಳನ್ನು ಹಿಡಿಯುವ ನೆಲೆ. ಮೊದಲು ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಹಿಡಿದರು. ೧೯೮೮ರ ಮಾರ್ಚ್ ೧೭ರಂದು ನಮ್ಮದೇ ಐಆರ್‌ಎಸ್-೧ಎ ಮೇಲೇರಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಸೀಮೆಯ ಯು. ಆರ್. ರಾವ್ ಅವರು.

ಆ ಉಪಗ್ರಹದ ಒಂದು ಕ್ಯಾಮೆರಾದ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ ೭೨.೫ ಮೀಟರ್ ಉದ್ದಗಲದ ಜಾಗ. ಎಕರೆ ಲೆಕ್ಕದಲ್ಲಿ ಹೇಳುವುದಾದರೆ ಒಂದೂಕಾಲು ಎಕರೆಗಿಂತ ತುಸು ಹೆಚ್ಚು. ಒಬ್ಬ ಬಡ ರೈತನ ಇಡೀ ಹೊಲ ಒಂದೇ ಚುಕ್ಕಿ! ಆ ಚುಕ್ಕಿಯ ಬಣ್ಣ ನೋಡಿ ಅಲ್ಲಿ ಜೋಳವಿದೆಯೋ ನೀರಿದೆಯೋ ಬೀಳು ಬಿದ್ದಿದೆಯೋ ಎಂದು ಹೇಳಬೇಕು. ಆದರೆ ಯಂತ್ರ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಯಾರಾದರೂ ಹೊಲಕ್ಕೆ ನಡೆದುಹೋಗಿ ಕಣ್ಣಾರೆ ನೋಡಿ ಬರಲೇಬೇಕು. ನೆಲದ ಮೇಲೆ ಕಂಡದ್ದನ್ನು ಚಿತ್ರಕ್ಕೆ ಹೊಂದಿಸುವ ಈ ಪದ್ಧತಿಯೇ ಹೆಸರುಚೀಟಿ ಹಚ್ಚುವ ಕೆಲಸದ ಹಿರಿಯಜ್ಜ.

ವಿದ್ವಾಂಸರ ಸಂತೆ

ಕೊಡುಕೊಳೆಗೆ ಒಂದು ಸಂತೆ ಬೇಕು. ಭಾರತದ ಗಣಕದೃಷ್ಟಿಯವರ ಸಂತೆಗೆ ಐಸಿವಿಜಿಐಪಿ ಎಂದು ಉದ್ದದ ಹೆಸರು. ಗಣಕದೃಷ್ಟಿ, ಗ್ರಾಫಿಕ್ಸ್ ಮತ್ತು ಚಿತ್ರಸಂಸ್ಕರಣದ ಭಾರತೀಯ ಸಮ್ಮೇಳನ ಎಂದು ಅರ್ಥ. ಮೊದಲನೆಯದು ೧೯೯೮ರಲ್ಲಿ ದೆಹಲಿಯಲ್ಲಿ, ಎರಡನೆಯದು ೨೦೦೦ದಲ್ಲಿ ಬೆಂಗಳೂರಿನಲ್ಲಿ. ಹೀಗೆ ಎರಡು ವರ್ಷಕ್ಕೊಮ್ಮೆ ಊರೂರು ಸುತ್ತಿ ೨೦೧೮ರಲ್ಲಿ ಹೈದರಾಬಾದಿನ ಟ್ರಿಪಲ್ ಐಟಿಗೆ ಬಂತು. ಅದಕ್ಕೂ ಮುಂಚೆ, ೨೦೦೬ರ ಜನವರಿಯಲ್ಲಿ, ಇಡೀ ಏಷ್ಯಾದ ಗಣಕದೃಷ್ಟಿ ಸಮ್ಮೇಳನವೇ ಈ ಊರಿನಲ್ಲಿ ಸೇರಿತ್ತು. ಟ್ರಿಪಲ್ ಐಟಿಯ ಪಿ. ಜೆ. ನಾರಾಯಣನ್ ಅದರ ಪ್ರಬಂಧಗಳ ಸಂಪಾದಕರಲ್ಲಿ ಒಬ್ಬರು.

ಇಂಥ ಸಮ್ಮೇಳನಕ್ಕೆ ಪ್ರಬಂಧ ಹೋಗುವ ಬಗೆ ನಮ್ಮ ಕಥಾಸ್ಪರ್ಧೆಯನ್ನು ಹೋಲುತ್ತದೆ. ಬರೆದವರ ಹೆಸರನ್ನು ಮುಚ್ಚುತ್ತಾರೆ. ಆ ವಿಷಯ ಬಲ್ಲ ಸಾಮಾನ್ಯವಾಗಿ ಮೂವರು ಅದನ್ನು ಓದುತ್ತಾರೆ. ಅವರ ಹೆಸರು ಬರೆದವರಿಗೆ ಗೊತ್ತಾಗುವುದಿಲ್ಲ. ‘ಈ ಮಾತಿಗೆ ಆಧಾರವೇನು? ಹೋದ ವರ್ಷ ಇನ್ನೊಬ್ಬರು ಮಾಡಿದ್ದಕ್ಕಿಂತ ಇದರಲ್ಲಿ ಹೊಸದೇನು? ರಾತ್ರಿ ಹೊತ್ತಿನ ಚಿತ್ರದ ಮೇಲೆ ಯಾಕೆ ಪರೀಕ್ಷಿಸಲಿಲ್ಲ?’ ಎಂದು ಪ್ರಶ್ನೆ ಕಳಿಸುತ್ತಾರೆ. ಬರೆದವರು ಉತ್ತರ ಕೊಡಬೇಕು. ಗೆದ್ದವರಲ್ಲಿ ಕೆಲವರಿಗೆ ವೇದಿಕೆ. ಉಳಿದವರು ದೊಡ್ಡ ಹಾಳೆಯಲ್ಲಿ ತಮ್ಮ ಕೆಲಸ ಬರೆದು ಗೋಡೆಗೆ ಅಂಟಿಸಿ, ಅದರ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ವಿವರಿಸುತ್ತಾರೆ. ನಿಜವಾದ ವ್ಯಾಪಾರ ನಡೆಯುವುದು ಈ ಗೋಡೆಯ ಹತ್ತಿರವೇ. ವೇದಿಕೆಯ ಭಾಷಣಕ್ಕೆ ಚಪ್ಪಾಳೆ ಸಿಗುತ್ತದೆ. ಗೋಡೆಯ ಬಳಿ ಎಲ್ಲಿಂದಲೋ ಬಂದ ಹುಡುಗಿಯೊಬ್ಬಳು ‘ಸಾರ್, ನಿಮ್ಮ ಮೂರನೇ ಹೆಜ್ಜೆ ನಮ್ಮ ಚಿತ್ರಗಳ ಮೇಲೆ ನಡೆಯೋದಿಲ್ಲ, ಯಾಕೆ?’ ಎಂದು ಕೇಳಬಹುದು. ಶಾಸ್ತ್ರ ಬೆಳೆಯುವುದು ಇಂಥ ಪ್ರಶ್ನೆಯಿಂದ.

ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ

‘ನಮ್ಮ ಯಂತ್ರ ನೂರಕ್ಕೆ ತೊಂಬತ್ತು ಸರಿ ಹೇಳುತ್ತೆ’ ಎಂದು ಒಬ್ಬರು, ‘ನಮ್ಮದು ತೊಂಬತ್ತೈದು’ ಎಂದು ಇನ್ನೊಬ್ಬರು ಹೇಳಿದರೆ ನಂಬುವುದು ಹೇಗೆ? ಮೊದಲನೆಯವರ ಚಿತ್ರಗಳು ಕಷ್ಟದವು, ಎರಡನೆಯವರದು ಸುಲಭದವು ಆಗಿರಬಹುದಲ್ಲ! ಅದಕ್ಕೇ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಬೇಕು. ಕಲಿಯಲು ಒಂದಷ್ಟು ಚಿತ್ರ ಎಲ್ಲರ ಕೈಗೆ. ಪರೀಕ್ಷೆಯ ಚಿತ್ರಗಳ ಉತ್ತರ ಮಾತ್ರ ಸಂಘಟಕರ ಪೆಟ್ಟಿಗೆಯಲ್ಲಿ.

ಇವುಗಳಲ್ಲಿ ಅತಿ ಹೆಸರಾದದ್ದು ಫೇ-ಫೇ ಲೀ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಇಮೇಜ್‌ನೆಟ್. ಅದರ ಸ್ಪರ್ಧೆಯಲ್ಲಿ ಸಾವಿರ ಬಗೆಯ ವಸ್ತುಗಳು, ಕಲಿಕೆಗೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಚಿತ್ರಗಳು. ಯಂತ್ರ ಒಂದು ಚಿತ್ರಕ್ಕೆ ಐದು ಊಹೆ ಮಾಡಬಹುದು. ಐದರಲ್ಲಿ ಒಂದಾದರೂ ಸರಿಯಿದ್ದರೆ ಪಾಸು. ೨೦೧೨ರಲ್ಲಿ ಟೊರಾಂಟೋದ ಕ್ರಿಜೆವ್‌ಸ್ಕಿ, ಸುಟ್ಸ್‌ಕೆವರ್, ಹಿಂಟನ್ ಎಂಬ ಮೂವರ ಯಂತ್ರ ನೂರಕ್ಕೆ ಸುಮಾರು ೧೫ ತಪ್ಪು ಮಾಡಿತು. ಎರಡನೆಯ ಸ್ಥಾನದವರದು ಸುಮಾರು ೨೬ ತಪ್ಪು. ಒಂದೇ ಪ್ರಶ್ನೆಪತ್ರಿಕೆ ಇದ್ದುದರಿಂದ ಈ ಅಂತರವನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಇಡೀ ಶಾಸ್ತ್ರ ಅವರ ದಾರಿಗೆ ಹೊರಳಿತು.

ಅದೇ ೨೦೧೨ರಲ್ಲಿ ಹೈದರಾಬಾದಿನ ಹೆಸರನ್ನು ಹೊತ್ತ ಒಂದು ಭಂಡಾರವೂ ಹೊರಬಂತು. ಇಲ್ಲಿಯ ಸಿ. ವಿ. ಜವಾಹರ್ ಮತ್ತು ಇಂಗ್ಲೆಂಡಿನ ಆಕ್ಸ್‌ಫರ್ಡಿನ ಆಂಡ್ರೂ ಜಿಸ್ಸರ್‌ಮನ್ ಅವರ ಬಳಗಗಳು ಕೂಡಿ ಮಾಡಿದ ನಾಯಿ-ಬೆಕ್ಕುಗಳ ಚಿತ್ರಸಂಗ್ರಹ ಅದು. ೨೫ ಜಾತಿಯ ನಾಯಿ, ೧೨ ಜಾತಿಯ ಬೆಕ್ಕು, ಜಾತಿಗೆ ಸುಮಾರು ೨೦೦ ಚಿತ್ರ. ನಗಬೇಡಿ. ಎರಡು ಜಾತಿಯ ಬೆಕ್ಕಿನ ನಡುವಣ ಸೂಕ್ಷ್ಮ ಭೇದ ಹಿಡಿಯಬಲ್ಲ ಯಂತ್ರ, ನಾಳೆ ಎರಡು ಬಗೆಯ ಎಲೆರೋಗದ ಭೇದವನ್ನೂ ಹಿಡಿಯಬಹುದು. ಇವತ್ತಿಗೂ ಈ ಶಾಸ್ತ್ರಕ್ಕೆ ಹೊಸದಾಗಿ ಬಂದ ಎಷ್ಟೋ ವಿದ್ಯಾರ್ಥಿಗಳು ಮೊದಲ ಅಭ್ಯಾಸ ಮಾಡುವುದು ಈ ನಾಯಿ-ಬೆಕ್ಕುಗಳ ಮೇಲೆಯೇ.

ಜರ್ಮನಿಯ ರಸ್ತೆ, ನಮ್ಮ ರಸ್ತೆ

ಈಗ ವಿಷಯದ ಮುಳ್ಳಿಗೆ ಬರೋಣ. ಬೀಜ ಪರದೇಶದ್ದಾದರೆ ಬೆಳೆಯೂ ಪರದೇಶದ್ದೇ ತಾನೇ? ೨೦೧೮ರಲ್ಲಿ ಜೇಮ್ಸ್ ಝೋ ಮತ್ತು ಲೋಂಡಾ ಶೀಬಿಂಗರ್ ಎಂಬಿಬ್ಬರು ‘ನೇಚರ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಇಮೇಜ್‌ನೆಟ್‌ನ ಚಿತ್ರಗಳಲ್ಲಿ ನೂರಕ್ಕೆ ೪೫ಕ್ಕೂ ಹೆಚ್ಚು ಅಮೆರಿಕದವು. ಚೀನಾ, ಭಾರತ ಎರಡೂ ಸೇರಿ ಬರೀ ೩. ಇದರ ಫಲವನ್ನೂ ಅವರು ತೋರಿಸಿದರು. ಬಿಳಿ ಉಡುಪು ತೊಟ್ಟ ಅಮೆರಿಕದ ಮದುಮಗಳ ಚಿತ್ರಕ್ಕೆ ಯಂತ್ರ ‘ವಧು’, ‘ಮದುವೆ’ ಎಂದು ಹೆಸರು ಕೊಟ್ಟಿತು. ಉತ್ತರ ಭಾರತದ ಮದುಮಗಳ ಚಿತ್ರಕ್ಕೆ ಕೊಟ್ಟ ಹೆಸರು ‘ವೇಷಭೂಷಣ’, ‘ಪ್ರದರ್ಶನ ಕಲೆ’! ಬಾಸಿಂಗ ಕಟ್ಟಿಕೊಂಡು ಹಸೆಮಣೆಯ ಮೇಲೆ ಕೂತ ನಮ್ಮ ಮನೆಯ ಹುಡುಗಿಗೆ ಇನ್ನೇನು ಹೆಸರು ಬಿದ್ದೀತೋ. ಯಂತ್ರಕ್ಕೆ ದ್ವೇಷವಿರಲಿಲ್ಲ. ಅದು ನಮ್ಮನ್ನು ನೋಡಿಯೇ ಇರಲಿಲ್ಲ, ಅಷ್ಟೆ.

ಮದುಮಗಳ ಹೆಸರು ತಪ್ಪಿದರೆ ನಕ್ಕು ಸುಮ್ಮನಾಗಬಹುದು. ರಸ್ತೆಯ ಮೇಲೆ ತಪ್ಪಿದರೆ ಪ್ರಾಣ ಹೋಗುತ್ತದೆ. ತಾನಾಗಿ ಓಡುವ ಕಾರಿಗೆ, ಅಥವಾ ಚಾಲಕನನ್ನು ಎಚ್ಚರಿಸುವ ಸಾಧನಕ್ಕೆ, ರಸ್ತೆಯನ್ನು ಓದಲು ಕಲಿಸಬೇಕು. ೨೦೧೬ರಲ್ಲಿ ಬಂದ ಸಿಟಿಸ್ಕೇಪ್ಸ್ ಎಂಬ ಭಂಡಾರದಲ್ಲಿ ಐವತ್ತು ಊರುಗಳ, ಬಹುಪಾಲು ಜರ್ಮನಿಯ, ೫,೦೦೦ ಚಿತ್ರಗಳಿಗೆ ಚುಕ್ಕಿ ಚುಕ್ಕಿಗೂ ಹೆಸರು ಬರೆದಿದ್ದಾರೆ: ಇದು ರಸ್ತೆ, ಇದು ಕಾಲುದಾರಿ, ಇದು ಕಾರು. ಅಲ್ಲಿ ಗೆರೆಯೆಂದರೆ ಗೆರೆ. ವಾಹನಗಳು ಗೆರೆ ಹಿಡಿದು ಹೋಗುತ್ತವೆ.

ಇದನ್ನು ಕಲಿತ ಯಂತ್ರವನ್ನು ಸಂಜೆ ಆರು ಗಂಟೆಗೆ ಕೊಂಡಾಪುರದ ರಸ್ತೆಗೆ ತಂದು ಬಿಡಿ. ಎಡಗಡೆಯಿಂದ ನುಗ್ಗುವ ಆಟೋ, ಒಂದೇ ಸ್ಕೂಟರಿನ ಮೇಲೆ ಗಂಡ, ಹೆಂಡತಿ, ನಡುವೆ ಮಗು, ಮುಂದೆ ಅಕ್ಕಿಮೂಟೆ, ತಳ್ಳುಗಾಡಿಯ ಹಣ್ಣಿನವ, ರಸ್ತೆಯ ನಡುವೆ ನೆಮ್ಮದಿಯಾಗಿ ಮೆಲುಕು ಹಾಕುವ ಹಸು. ಡಾಂಬರು ಎಲ್ಲಿ ಮುಗಿದು ಮಣ್ಣು ಎಲ್ಲಿ ಶುರುವಾಗುತ್ತದೆಂದು ದೇವರಿಗೇ ಗೊತ್ತು. ಜರ್ಮನಿಯಲ್ಲಿ ಕಲಿತದ್ದು ಇಲ್ಲಿ ತಡಬಡಿಸುತ್ತದೆ.

ಅದಕ್ಕಾಗಿ ಟ್ರಿಪಲ್ ಐಟಿಯವರು ಇಂಟೆಲ್ ಕಂಪನಿಯವರ ಜೊತೆಗೂಡಿ ಕಾರಿಗೆ ಕ್ಯಾಮೆರಾ ಕಟ್ಟಿ ಹೈದರಾಬಾದು, ಬೆಂಗಳೂರು ಮತ್ತು ಅವುಗಳ ಹೊರವಲಯಗಳನ್ನು ಸುತ್ತಿದರು. ೧೮೨ ಓಡಾಟಗಳಿಂದ ಆರಿಸಿದ ಸುಮಾರು ೧೦,೦೦೦ ಚಿತ್ರ, ೩೪ ಬಗೆಯ ಹೆಸರುಚೀಟಿ. ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ಎಂಬ ಹೆಸರಿನಲ್ಲಿ ಅದು ೨೦೧೮ರಲ್ಲಿ ಹೊರಬಂತು. ಪ್ರಬಂಧವನ್ನು ೨೦೧೯ರ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿದರು. ಅದರ ಹೆಸರುಚೀಟಿಗಳಲ್ಲಿ ಆಟೋರಿಕ್ಷಾ ಇದೆ, ಪ್ರಾಣಿ ಇದೆ. ಎಲ್ಲಕ್ಕಿಂತ ಚೆನ್ನಾದದ್ದು, ‘ರಸ್ತೆಯಲ್ಲ, ಆದರೂ ಗಾಡಿ ಓಡಿಸಬಹುದಾದ ಜಾಗ’ ಎಂಬರ್ಥದ ಒಂದು ಚೀಟಿ. ಡಾಂಬರಿನ ಪಕ್ಕದ ಮಣ್ಣುದಾರಿಗೆ ಆ ಹೆಸರು. ನಮ್ಮ ರಸ್ತೆಗಳ ಸ್ವಭಾವವನ್ನು ಇಷ್ಟು ಸಣ್ಣ ಮಾತಿನಲ್ಲಿ ಹಿಡಿದವರು ಕಡಿಮೆ! ಈ ಚಿತ್ರಗಳನ್ನು ಅವರು ತಮ್ಮಲ್ಲೇ ಬಚ್ಚಿಡದೆ ಲೋಕದ ಸಂಶೋಧಕರಿಗೆ ಕೊಟ್ಟರು. ಜರ್ಮನಿಯವರು ಕೊಟ್ಟದ್ದನ್ನು ನಾವು ಪಡೆದಿದ್ದೆವು. ಈಗ ನಮ್ಮ ಹಸು, ಆಟೋಗಳು ಅವರ ಪ್ರಯೋಗಶಾಲೆಗೆ ಹೋದವು. ಋಣ ತೀರಿತು ಎನ್ನುವುದಕ್ಕಿಂತ ನೆಂಟಸ್ತಿಕೆ ಬೆಳೆಯಿತು ಎನ್ನಬೇಕು.

ಈ ಚೀಟಿಗಳನ್ನು ಹಚ್ಚುವವರು ಯಾರು ಎಂದು ನಾವು ಕೇಳುವುದೇ ಇಲ್ಲ. ಸಿಟಿಸ್ಕೇಪ್ಸ್‌ನವರು ಲೆಕ್ಕವಿಟ್ಟು ಹೇಳಿದ್ದಾರೆ: ಒಂದು ಚಿತ್ರದ ಎಲ್ಲ ವಸ್ತುಗಳ ಸುತ್ತ ಗೆರೆ ಎಳೆದು ತಪ್ಪು ತಿದ್ದಿ ಮುಗಿಸಲು ಸರಾಸರಿ ಒಂದೂವರೆ ಗಂಟೆಗೂ ಹೆಚ್ಚು. ೫,೦೦೦ ಚಿತ್ರಕ್ಕೆ ೭,೫೦೦ ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಒಬ್ಬನೇ ಕೂತರೆ, ಭಾನುವಾರವೂ ಬಿಡದೆ, ಎರಡೂವರೆ ವರ್ಷದ ಕೂಲಿ. ಯಂತ್ರ ತಾನಾಗಿ ಕಲಿಯಿತು ಎಂಬ ಮಾತಿನ ಹಿಂದೆ ಇಷ್ಟು ಕಣ್ಣುಗಳ ಉರಿ ಇದೆ. ಪ್ರಬಂಧದ ಮೊದಲ ಪುಟದಲ್ಲಿ ಅವರ ಹೆಸರು ಇರುವುದು ಅಪರೂಪ.

ಕನ್ನಡದ ಅಕ್ಷರ

ಕೊನೆಗೆ ನಮ್ಮ ಲಿಪಿ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ೨೬, ಸಣ್ಣಕ್ಷರ ೨೬, ಅಂಕಿ ೧೦. ಒಟ್ಟು ೬೨ ಆಕಾರ ಕಲಿತರೆ ಯಂತ್ರದ ಅಕ್ಷರಾಭ್ಯಾಸ ಮುಗಿಯಿತು. ನಮ್ಮಲ್ಲಿ ೩೪ ವ್ಯಂಜನ. ಒಂದೊಂದಕ್ಕೂ ಕ, ಕಾ, ಕಿ, ಕೀ ಎಂದು ಕಃ ತನಕ ಹದಿನೈದು ರೂಪ. ಗುಣಿಸಿದರೆ ಐನೂರ ಹತ್ತು. ಅದರ ಕೆಳಗೆ ಒತ್ತಕ್ಷರ ತಗಲಿಸಿದರಂತೂ ಲೆಕ್ಕಕ್ಕೆ ಕೊನೆಯಿಲ್ಲ. ಮೊದಲನೇ ತರಗತಿಯಲ್ಲಿ ಮೇಷ್ಟ್ರು ಕಾಗುಣಿತಕ್ಕೆ ಕಿವಿ ಹಿಂಡಿದ್ದು ಸುಮ್ಮನೆ ಅಲ್ಲ!

೨೦೦೯ರಲ್ಲಿ ಡಿ ಕಾಂಪೋಸ್, ಬಾಬು, ವರ್ಮ ಎಂಬ ಮೂವರು ಬೆಂಗಳೂರಿನ ಬೀದಿಗಳ ನಾಮಫಲಕ, ಜಾಹೀರಾತುಗಳ ಫೋಟೋಗಳಿಂದ ಇಂಗ್ಲಿಷ್ ಮತ್ತು ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಒಂದು ಭಂಡಾರ ಕಟ್ಟಿದರು. ಕನ್ನಡಕ್ಕೆ ಆರುನೂರೈವತ್ತಕ್ಕೂ ಹೆಚ್ಚು ವರ್ಗ ಬೇಕಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಮತ್ತು ಸಂಗಡಿಗರು ಮುದ್ರಿತ ಕನ್ನಡವನ್ನು ಓದುವ ‘ಲಿಪಿ ಜ್ಞಾನಿ’ ಎಂಬ ಸಾಧನವನ್ನು ರೂಪಿಸಿ ೨೦೧೯ರಲ್ಲಿ ಅದರ ವಿವರ ಪ್ರಕಟಿಸಿದರು. ೧೯೭೦ರಿಂದ ೨೦೦೨ರವರೆಗೆ ಅಚ್ಚಾದ ಮೂವತ್ತೈದಕ್ಕೂ ಹೆಚ್ಚು ಪುಸ್ತಕಗಳ ಪುಟಗಳನ್ನು ಅದಕ್ಕೆ ಬಳಸಿದ್ದಾರೆ. ಹಳಗನ್ನಡವೂ ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಶ್ಲೋಕವೂ ಅದರಲ್ಲಿ ಸೇರಿವೆ.

ಅದೇ ೨೦೧೯ರಲ್ಲಿ ವಿನಯ್ ಉದಯ್ ಪ್ರಭು ಅವರು ಕೈಬರಹದ ಕನ್ನಡ ಅಂಕಿಗಳ ಭಂಡಾರವೊಂದನ್ನು ಹೊರತಂದರು. ಇಂಗ್ಲಿಷ್ ಅಂಕಿಗಳಿಗೆ ೧೯೯೮ರಿಂದ ಪ್ರಸಿದ್ಧವಾದ ಎಂನಿಸ್ಟ್ ಎಂಬ ಭಂಡಾರದ ಅಳತೆಗೇ ಇದನ್ನೂ ಕತ್ತರಿಸಿದರು: ಪ್ರತಿ ಅಂಕಿಗೂ ೨೮ ಸಾಲು, ಸಾಲಿಗೆ ೨೮ ಚುಕ್ಕಿ, ಕಲಿಯಲು ೬೦,೦೦೦ ಚಿತ್ರ, ಪರೀಕ್ಷೆಗೆ ೧೦,೦೦೦. ಬೆಂಗಳೂರಿನಲ್ಲಿ ಕನ್ನಡ ಅಂಕಿ ಬಲ್ಲ ೬೫ ಮಂದಿ ಹಾಳೆಯ ಮೇಲೆ ಬರೆದುಕೊಟ್ಟರು. ಇದರ ಜೊತೆಗೆ ಅಮೆರಿಕದಲ್ಲಿ, ಕನ್ನಡ ಅಂಕಿ ಬಳಸಿ ಗೊತ್ತಿಲ್ಲದವರಿಂದ ೧೦,೨೪೦ ಅಂಕಿ ಬರೆಸಿ ಇನ್ನೊಂದು ಕಠಿಣ ಪರೀಕ್ಷೆಯನ್ನೂ ಇಟ್ಟರು. ಬೆಂಗಳೂರಿನವರ ಕೈಬರಹದಲ್ಲಿ ನೂರಕ್ಕೆ ೯೬-೯೭ರ ಹತ್ತಿರ ಸರಿ ಹೇಳಿದ ಯಂತ್ರ, ಹೊಸಬರ ಕೈಬರಹದಲ್ಲಿ ೭೬ರ ಆಸುಪಾಸಿಗೆ ಇಳಿಯಿತು. ೩ ಮತ್ತು ೭ನ್ನು ಅವಸರದಲ್ಲಿ ಬರೆದು ನೋಡಿ, ಯಂತ್ರದ ಕಷ್ಟ ನಿಮಗೂ ಗೊತ್ತಾದೀತು. ಅಂಕಿ ಅದೇ, ಕೈ ಬೇರೆ. ಬೇರೆ ಬೇರೆ ಕೈಗಳ ಬರಹ ಭಂಡಾರದಲ್ಲಿ ಇಲ್ಲದಿದ್ದರೆ ಯಂತ್ರದ ಜಾಣತನ ಒಂದು ಊರಿಗಷ್ಟೇ ಸಾಕು. ಬೆಂಗಳೂರಿನ ಕೈಬರಹ ಕಲಿತ ಯಂತ್ರ, ಬೀದರ, ಕಲಬುರಗಿ, ಕಾಸರಗೋಡು, ಈ ಹೈದರಾಬಾದಿನ ಕನ್ನಡಿಗರ ಕೈಬರಹವನ್ನು ಓದಲು ಬಹುಶಃ ಇನ್ನೊಮ್ಮೆ ಶಾಲೆಗೆ ಹೋಗಬೇಕಾದೀತು.

ಕೊಡುವುದಕ್ಕೂ ಒಂದು ಎಲ್ಲೆ

ಹಾಗೆಂದು ಸಿಕ್ಕಿದ್ದನ್ನೆಲ್ಲ ಕೊಡುವುದು ಧರ್ಮವಲ್ಲ. ಮೈಕ್ರೋಸಾಫ್ಟಿನವರು ಸುಮಾರು ಒಂದು ಲಕ್ಷ ಜನರ ಒಂದು ಕೋಟಿಯಷ್ಟು ಮುಖಚಿತ್ರಗಳ ಭಂಡಾರವನ್ನು ಹಂಚಿದ್ದರು. ಆ ಜನರನ್ನು ಯಾರೂ ಕೇಳಿರಲಿಲ್ಲ ಎಂಬ ಟೀಕೆ ಬಂದ ಮೇಲೆ ೨೦೧೯ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆದರೆ ಹಂಚಿ ಹೋದದ್ದು ಹೋಯಿತು. ಚೆಲ್ಲಿದ ಹಾಲನ್ನು ಗಡಿಗೆಗೆ ತುಂಬಲಾದೀತೇ? ರಸ್ತೆಯ ಚಿತ್ರವೆಂದರೆ ಅದರಲ್ಲಿ ದಾರಿಹೋಕರ ಮುಖವಿರುತ್ತದೆ, ಗಾಡಿಯ ನಂಬರಿರುತ್ತದೆ. ಅವನ್ನು ಮಸುಕು ಮಾಡಿ ಕೊಡುವುದು ಕನಿಷ್ಠ ಮರ್ಯಾದೆ. ಚಿತ್ರ ತೆಗೆದವನಿಗೆ ಚಿತ್ರದ ಮೇಲೆ ಹಕ್ಕಿರಬಹುದು, ಚಿತ್ರದಲ್ಲಿರುವವರ ಮೇಲಿಲ್ಲ.

ಅಕ್ಷರದ ವಿಷಯದಲ್ಲಿ ಈ ತೊಡಕು ಕಡಿಮೆ, ಮಾಡಬೇಕಾದ ಕೆಲಸ ಹೆಚ್ಚು. ಕನ್ನಡ ಸಂಘಗಳ ಕಪಾಟುಗಳಲ್ಲಿ ಹಳೆಯ ಕೈಬರಹದ ಪತ್ರಿಕೆಗಳಿವೆ, ಸೈಕ್ಲೋಸ್ಟೈಲ್ ಸಂಚಿಕೆಗಳಿವೆ. ಶಾಯಿ ಹರಡಿ ಒತ್ತಕ್ಷರ ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ ಅಂಟಿಕೊಂಡ ಆ ಪುಟಗಳನ್ನು ಓದುವುದು ಯಂತ್ರಕ್ಕೆ ಕಷ್ಟ. ಕಾಗದಕ್ಕೆ ವಯಸ್ಸಾಗುತ್ತಿದೆ, ಗೆದ್ದಲಿಗೆ ರಜೆಯಿಲ್ಲ. ಬರೆದವರ ಒಪ್ಪಿಗೆ ಪಡೆದು ಇಂಥ ನೂರು ಪುಟಗಳ ಚಿತ್ರ ತೆಗೆದು, ಪಕ್ಕದಲ್ಲಿ ತಪ್ಪಿಲ್ಲದೆ ಅದರ ಪಾಠ ಬರೆದಿಟ್ಟರೆ ಅದೇ ಒಂದು ಭಂಡಾರ. ಇದಕ್ಕೆ ಗಣಿತದ ಪದವಿ ಬೇಡ. ಹಳೆಯ ಕನ್ನಡ ಅಕ್ಷರವನ್ನು ಸರಿಯಾಗಿ ಓದಬಲ್ಲ ಕಣ್ಣು ಬೇಕು, ಕೂತು ಬರೆಯುವ ತಾಳ್ಮೆ ಬೇಕು. ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಇವೆರಡೂ ಇವೆ. ಈ ವರ್ಷ ಹತ್ತು ಮಂದಿ ಹತ್ತತ್ತು ಪುಟ ಹಂಚಿಕೊಂಡರೆ ಮುಂದಿನ ಯುಗಾದಿಯ ಹೊತ್ತಿಗೆ ಗಚ್ಚಿಬೌಲಿಯವರ ಮುಂದೆಯೋ ಬೆಂಗಳೂರಿನವರ ಮುಂದೆಯೋ ಇಡುವುದಕ್ಕೆ ನಮ್ಮ ಕೈಯಲ್ಲಿ ನೂರು ಪುಟ ಇರುತ್ತದೆ.